ಕುಡಿತ ಬಿಟ್ಟ ಹೊಸತರಲ್ಲಿ ಸಂಗಾತಿಯ ಜೊತೆ ಬಾಳುವುದು ಹೇಗೆ

ಕುಡಿತ ನಿಂತ ದಿನವೇ ಕಷ್ಟವೆಲ್ಲ ಮುಗಿಯಿತು ಅಂತ ಸುತ್ತಲಿನವರು ಅಂದುಕೊಳ್ಳುತ್ತಾರೆ. "ಬಿಟ್ಟುಬಿಟ್ಟರಂತೆ, ಇನ್ನೇನು, ನೀವು ಆರಾಮ" ಅನ್ನುತ್ತಾರೆ. ಜೊತೆಯಲ್ಲಿ ಬದುಕುತ್ತಿರುವ ನಿಮಗೆ ಮಾತ್ರ ಆ ಆರಾಮ ಎಲ್ಲೂ ಕಾಣುತ್ತಿಲ್ಲ. ಅವರು ಕುಡಿಯುತ್ತಿಲ್ಲ, ನಿಜ. ಆದರೆ ಮುಖ ಗಂಟಿಕ್ಕಿಕೊಂಡೇ ಇರುತ್ತಾರೆ, ರಾತ್ರಿ ನಿದ್ದೆಯಿಲ್ಲ, ಸಣ್ಣ ಮಾತಿಗೂ ಸಿಡುಕು. ಅವರು ಬರುವುದು ಹತ್ತು ನಿಮಿಷ ತಡವಾದರೆ ನಿಮ್ಮ ಎದೆ ಡವಡವ ಅನ್ನುತ್ತದೆ. ಇದು ನಿಮ್ಮ ಮನೆಯಲ್ಲಿ ಮಾತ್ರ ಆಗುತ್ತಿರುವುದಲ್ಲ. ಡಾಕ್ಟರುಗಳ ಲೆಕ್ಕದಲ್ಲೂ ಕಾಯಿಲೆಯ ಲಕ್ಷಣಗಳಿಲ್ಲದೆ 3 ತಿಂಗಳು ಕಳೆದ ಮೇಲಷ್ಟೇ ಅದನ್ನು ಚೇತರಿಕೆಯ ಮೊದಲ ಹಂತ ಅಂತ ಬರೆದುಕೊಳ್ಳುತ್ತಾರೆ. 12 ತಿಂಗಳು ದಾಟಿದ ಮೇಲೆ ಅದು ನೆಲೆನಿಂತ ಚೇತರಿಕೆ. ಹಾಗಾಗಿ ಎರಡನೇ ತಿಂಗಳಲ್ಲೇ "ಇನ್ನೂ ಯಾಕೆ ಸರಿಹೋಗಿಲ್ಲ" ಅಂತ ನೀವು ಕೊರಗುತ್ತಿದ್ದರೆ, ಆ ಪ್ರಶ್ನೆ ಕೇಳುವ ಹೊತ್ತು ಇನ್ನೂ ಬಂದಿಲ್ಲ.

ಕುಡಿಯದೆ ಇರುವ ಕೆಲಸ ಅವರದು. ಅದನ್ನು ನೀವು ಹೊತ್ತುಕೊಂಡರೆ ಅವರಿಗೂ ಒಳ್ಳೆಯದಾಗುವುದಿಲ್ಲ, ನೀವೂ ಉಳಿಯುವುದಿಲ್ಲ. ಕೆಳಗೆ ಹೇಳುವುದೆಲ್ಲ ಈ ಮಾತಿನ ಮೇಲೇ ನಿಂತಿದೆ.

ಮೊದಲು ದೇಹದ ಮಾತು

ಬಿಟ್ಟು ಆಗಲೇ ಕೆಲವು ವಾರಗಳಾಗಿದ್ದರೆ ಈ ಭಾಗವನ್ನು ಬೇಗ ಓದಿ ಮುಂದೆ ಹೋಗಿ. ಇವತ್ತೋ ನಾಳೆಯೋ ಬಿಡುತ್ತೇನೆ ಅನ್ನುತ್ತಿದ್ದರೆ ನಿಧಾನವಾಗಿ ಓದಿ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು. ಕೊನೆಯ ಸಲ ಕುಡಿದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ, ಗಾಬರಿ ಶುರುವಾಗುತ್ತದೆ. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ ಹುಳುಗಳು, ಇಲ್ಲದ ಮನುಷ್ಯರು ಕಾಣಿಸುತ್ತಾರೆ, ತಾವು ಎಲ್ಲಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ, ಜ್ವರ ಏರುತ್ತದೆ. ಇದನ್ನು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗುವುದೂ ಉಂಟು. ಆದ್ದರಿಂದ "ರೂಮಿನಲ್ಲಿ ಕೂಡಿಹಾಕಿ ನಾನೇ ಬಿಡಿಸುತ್ತೇನೆ" ಅನ್ನುವ ಸಾಹಸ ಬೇಡ. ಬಿಡುವ ಮೊದಲೇ ಡಾಕ್ಟರ ಹತ್ತಿರ ಹೋಗಿ. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಅದನ್ನು ತಪ್ಪದೆ ಹೇಳಿ. ದಿನಕ್ಕೆ ಎಷ್ಟು ಕುಡಿಯುತ್ತಿದ್ದರು ಅನ್ನುವುದನ್ನು ನಾಚಿಕೆಗೆ ಕಡಿಮೆ ಮಾಡಿ ಹೇಳಬೇಡಿ, ಔಷಧಿಯ ಪ್ರಮಾಣ ನಿಂತಿರುವುದೇ ಅದರ ಮೇಲೆ.

ಜಾಸ್ತಿ ಕುಡಿಯುವವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಮಿನ್, ತೀರಾ ಕಮ್ಮಿಯಾಗಿರಬಹುದು. ಡಾಕ್ಟರು ಅದನ್ನು ಕೊಡುತ್ತಾರೆ, ಕೆಲವೊಮ್ಮೆ ಇಂಜೆಕ್ಷನ್ನಿನಲ್ಲೇ. "ಬರೀ ವಿಟಮಿನ್ ತಾನೇ" ಅಂತ ಬಿಡಬೇಡಿ. ಕುಡಿಯದೆಯೂ ನಡೆಯುವಾಗ ತೂರಾಡಿದರೆ, ಕಣ್ಣಿನ ಚಲನೆ ವಿಚಿತ್ರವಾಗಿ ಕಂಡರೆ, ಮಾತು ಗೊಂದಲವಾದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಡಮಾಡಿದರೆ ನೆನಪಿನ ಶಕ್ತಿಗೆ ಶಾಶ್ವತ ಪೆಟ್ಟು ಬೀಳಬಹುದು.

ಆಮೇಲೆ ಮಾತ್ರೆಗಳು. ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್ ಮತ್ತೆ ಕುಡಿತಕ್ಕೆ ಬೀಳದಂತೆ ನೆರವಾಗುವ ಔಷಧಿಗಳು. ನಾಲ್ಟ್ರೆಕ್ಸೋನ್ ತೆಗೆದುಕೊಳ್ಳುತ್ತಿರುವವರಿಗೆ ಮಾರ್ಫಿನ್ ಥರದ ಓಪಿಯಾಯ್ಡ್ ನೋವು ನಿವಾರಕಗಳು ಕೆಲಸ ಮಾಡುವುದಿಲ್ಲ. ಆಪರೇಷನ್ ಇದ್ದರೆ, ಹಲ್ಲು ಕೀಳಿಸುವುದಿದ್ದರೂ ಕೂಡ, ಮೊದಲೇ ಹೇಳಬೇಕು. ಡೈಸಲ್ಫಿರಾಮ್ ಬೇರೆ ಥರದ್ದು. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯುತ್ತದೆ. ಮಾತ್ರೆ ನಿಲ್ಲಿಸಿದ 14 ದಿನಗಳವರೆಗೂ ಈ ಪರಿಣಾಮ ಉಳಿದಿರಬಹುದು. ಇದನ್ನು ಗೊತ್ತಾಗದ ಹಾಗೆ ಊಟದಲ್ಲಿ ಕಲಸಿ ಕೊಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಗೊತ್ತಿಲ್ಲದೆ ಕುಡಿದರೆ ಹೃದಯದ ತೊಂದರೆಯಾಗಿ ಸಾಯಲೂಬಹುದು. ಗೊತ್ತಾದ ದಿನದಿಂದ ನೀವು ಬಡಿಸಿದ ತಟ್ಟೆಯನ್ನೂ ಅವರು ನಂಬುವುದಿಲ್ಲ. ಅವರೇ ಒಪ್ಪಿ, ಡಾಕ್ಟರು ಬರೆದುಕೊಟ್ಟು, "ದಿನಾ ಬೆಳಿಗ್ಗೆ ನಿನ್ನ ಮುಂದೆಯೇ ನುಂಗುತ್ತೇನೆ" ಅಂದರೆ ಆ ಮಾತೇ ಬೇರೆ.

ಈ ಸಿಡುಕು ನಿಮ್ಮ ಮೇಲಿನದಲ್ಲ

ಮೊದಲ ವಾರದ ನಡುಕ ಹೋದ ಮೇಲೂ ಮಿದುಳು ಹಳೆಯ ಸ್ಥಿತಿಗೆ ಬರಲು ತಿಂಗಳುಗಳೇ ಬೇಕು. ವರ್ಷಗಟ್ಟಲೆ ಮದ್ಯ ನರಗಳನ್ನು ಮಂಕು ಮಾಡುತ್ತಿತ್ತು. ಅದನ್ನು ಸರಿದೂಗಿಸಲು ಮಿದುಳು ತನ್ನನ್ನು ತಾನು ಚುರುಕಾಗಿ ಇಟ್ಟುಕೊಂಡಿತ್ತು. ಈಗ ಮದ್ಯ ಹೋಗಿದೆ, ಆ ಚುರುಕು ಪೂರ್ತಿ ಇಳಿದಿಲ್ಲ. ಅದಕ್ಕೇ ಸದ್ದು, ಬೆಳಕು, ಮಕ್ಕಳ ಗಲಾಟೆ ಎಲ್ಲವೂ ಹೆಚ್ಚಾಗಿ ತಟ್ಟುತ್ತದೆ. ನಿದ್ದೆ ತುಂಡು ತುಂಡಾಗುತ್ತದೆ. ಕುಡಿಯುವ ಕನಸು ಬಿದ್ದು ಬೆಚ್ಚಿ ಏಳುತ್ತಾರೆ. ಮರೆವು ಜಾಸ್ತಿ. ಸಿಹಿ ತಿನ್ನುವ ಆಸೆಯೂ ಅನೇಕರಲ್ಲಿ ಜಾಸ್ತಿಯಾಗುತ್ತದೆ, ತಿನ್ನಲಿ ಬಿಡಿ, ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ. ಯಾವುದರಲ್ಲೂ ಖುಷಿ ಇಲ್ಲ ಅನ್ನುತ್ತಾರೆ, ಮಕ್ಕಳ ಜೊತೆ ಆಡುವಾಗಲೂ ಮುಖ ಸಪ್ಪೆ. ಆಗ "ನಮ್ಮ ಜೊತೆ ಇರೋದು ಇವರಿಗೆ ಇಷ್ಟವೇ ಇಲ್ಲ" ಅಂತ ಅನಿಸುವುದು ಸಹಜ ಅಲ್ವಾ? ಆದರೆ ಖುಷಿ ಪಡುವ ಶಕ್ತಿಯೇ ಸದ್ಯಕ್ಕೆ ಸೋತಿದೆ, ಅದು ನಿಧಾನವಾಗಿ ವಾಪಸ್ ಬರುತ್ತದೆ.

ಸಿಡುಕಿಗೆ ಕಾರಣ ಇದೆ ಅಂದ ಮಾತ್ರಕ್ಕೆ ಎಲ್ಲವನ್ನೂ ಸಹಿಸಬೇಕು ಅಂತಲ್ಲ. "ನಿನಗೆ ಕಷ್ಟ ಆಗ್ತಿದೆ ಅಂತ ಗೊತ್ತು. ಆದರೆ ನನ್ನ ಜೊತೆ ಈ ಥರ ಮಾತಾಡಬೇಡ, ಸ್ವಲ್ಪ ಹೊತ್ತು ಬಿಟ್ಟು ಮಾತಾಡೋಣ" ಅಂತ ಹೇಳಿ ಪಕ್ಕದ ರೂಮಿಗೆ ಹೋಗಿ. ಕೈ ಎತ್ತಿದರೆ, ಹೆದರಿಸಿದರೆ, ವಸ್ತು ಎಸೆದರೆ ಅದು ಚೇತರಿಕೆಯ ಭಾಗ ಅಲ್ಲವೇ ಅಲ್ಲ. ಮಕ್ಕಳನ್ನು ಕರೆದುಕೊಂಡು ಮೊದಲು ಅಲ್ಲಿಂದ ಹೊರಡಿ, ಮಿಕ್ಕಿದ್ದು ಆಮೇಲೆ. ಹಾಗೇ, ಮಂಕು ವಾರಗಟ್ಟಲೆ ಇಳಿಯದೆ "ನಾನು ಇದ್ದೇನು ಪ್ರಯೋಜನ" ಅನ್ನುವ ಮಾತು ಬಂದರೆ ಅದನ್ನು ಬೆದರಿಕೆ ಅಂತ ತಳ್ಳಿಹಾಕಬೇಡಿ. "ಸಾಯಬೇಕು ಅಂತ ಅನಿಸ್ತಿದೆಯಾ" ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡದೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಕಾವಲು ಕಾಯುವುದನ್ನು ಬಿಡುವುದು

ಇದೇ ಎಲ್ಲಕ್ಕಿಂತ ಕಷ್ಟದ್ದು. ಬಾಯಿಯ ವಾಸನೆ ನೋಡುವುದು, ಜೇಬು ತಡಕುವುದು, ಫೋನ್ ನೋಡುವುದು, ಬಾತ್‌ರೂಮಿನಲ್ಲಿ ಎಷ್ಟು ಹೊತ್ತು ಇದ್ದರು ಅಂತ ಲೆಕ್ಕ ಇಡುವುದು, ಮಾತಾಡಿಸುವ ನೆಪದಲ್ಲಿ ನಾಲಿಗೆ ತೊದಲುತ್ತಿದೆಯಾ ಅಂತ ಗಮನಿಸುವುದು. ವರ್ಷಗಳ ಸುಳ್ಳು ನಿಮಗೆ ಇದನ್ನೆಲ್ಲ ಕಲಿಸಿದೆ. ಆಗ ಅದು ನಿಮ್ಮನ್ನು ಕಾಪಾಡಿರಲೂಬಹುದು. ಈಗ ಅದರಿಂದ ಆಗುವುದು ಎರಡೇ. ನಿಮಗೆ ದಿನವಿಡೀ ಎದೆಬಡಿತ, ಅವರಿಗೆ "ಬಿಟ್ಟರೂ ಕಳ್ಳನನ್ನು ನೋಡಿದ ಹಾಗೆ ನೋಡ್ತಾರೆ" ಅನ್ನುವ ಅವಮಾನ. ಮತ್ತೆ ಕುಡಿಯಲು ಅವಮಾನಕ್ಕಿಂತ ಒಳ್ಳೆಯ ನೆಪ ಬೇಕಾ? ಕುಡಿಯಲೇಬೇಕು ಅಂತ ತೀರ್ಮಾನಿಸಿದವರು ಎಷ್ಟು ಬಿಗಿ ಕಾವಲಿದ್ದರೂ ಕುಡಿಯುತ್ತಾರೆ, ಅದು ನಿಮಗೇ ಚೆನ್ನಾಗಿ ಗೊತ್ತು.

ಹಾಗಂತ ನಾಳೆಯಿಂದಲೇ ಪೂರ್ತಿ ನಂಬಿ ಅಂದರೆ ಅದು ಆಗುವ ಮಾತಲ್ಲ. ಕಾವಲಿನ ಜಾಗದಲ್ಲಿ ಇಬ್ಬರೂ ಒಪ್ಪಿದ ಒಂದು ಪದ್ಧತಿ ಇಡಿ. ದಂಪತಿಗಳಿಗೆ ಕೊಡುವ ಚಿಕಿತ್ಸೆಯಲ್ಲಿ ಒಂದು ಸರಳ ರೂಢಿ ಇದೆ, ನನಗೆ ಅದು ತುಂಬಾ ಇಷ್ಟ. ದಿನಕ್ಕೆ ಒಂದು ಸಲ, ಗೊತ್ತು ಮಾಡಿಕೊಂಡ ಹೊತ್ತಿನಲ್ಲಿ ಇಬ್ಬರೂ ಕೂರುತ್ತಾರೆ. ಬಿಟ್ಟವರು "ನಿನ್ನೆಯಿಂದ ಕುಡಿದಿಲ್ಲ, ಇವತ್ತೂ ಕುಡಿಯಬಾರದು ಅಂತಿದ್ದೇನೆ" ಅನ್ನುತ್ತಾರೆ. ಸಂಗಾತಿ "ಥ್ಯಾಂಕ್ಸ್, ನಿನ್ನ ಪ್ರಯತ್ನ ನನಗೆ ಕಾಣ್ತಿದೆ" ಅನ್ನುತ್ತಾರೆ. ಮಾತ್ರೆ ಇದ್ದರೆ ಆಗಲೇ ನುಂಗುತ್ತಾರೆ, ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ, ಮುಗಿಯಿತು. ಅದಾದ ಮೇಲೆ ಆ ದಿನ ಹಳೆಯ ಕುಡಿತದ ಮಾತೂ ಇಲ್ಲ, ಮುಂದೆ ಕುಡಿದರೆ ಏನು ಅನ್ನುವ ಮಾತೂ ಇಲ್ಲ. ಅಂಥ ಮಾತು ಬಂದರೆ ಅದನ್ನು ಕೌನ್ಸೆಲರ್ ಮುಂದೆ ಆಡಲು ಎತ್ತಿಡುತ್ತಾರೆ. ಮೊದಮೊದಲು ನಾಟಕ ಮಾಡಿದ ಹಾಗೆ ಅನಿಸುತ್ತದೆ. ಆದರೂ ಮಾಡಿ. ಇಡೀ ದಿನದ ಅನುಮಾನಕ್ಕೆ ಎರಡು ನಿಮಿಷದ ಜಾಗ ಸಿಗುತ್ತದೆ, ಉಳಿದ ಹೊತ್ತು ಬೇರೆ ಮಾತಿಗೆ ಉಳಿಯುತ್ತದೆ.

"ಇನ್ನು ಜೀವನದಲ್ಲೇ ಮುಟ್ಟಲ್ಲ" ಅಂತ ಆಣೆ ಹಾಕಿಸಿಕೊಳ್ಳಬೇಡಿ. ಆಣೆ ಮುರಿದ ದಿನ ಕುಡಿತದ ಪಾಪದ ಜೊತೆ ಆಣೆ ಮುರಿದ ಪಾಪವೂ ಸೇರುತ್ತದೆ, ಅದನ್ನು ಮರೆಯಲು ಮತ್ತೆ ಕುಡಿತ. ಇವತ್ತಿನ ಮಾತು ಇವತ್ತಿಗೆ ಸಾಕು.

ಕಾವಲು ಬಿಟ್ಟ ಹಾಗೆಯೇ ಅವರ ಪರವಾಗಿ ಮಾಡುತ್ತಿದ್ದ ಕೆಲಸಗಳನ್ನೂ ನಿಧಾನವಾಗಿ ಬಿಡಿ. ಆಫೀಸಿಗೆ ಫೋನ್ ಮಾಡಿ "ಜ್ವರ" ಅಂತ ನೀವು ಹೇಳಬೇಡಿ. ಡಾಕ್ಟರ ಅಪಾಯಿಂಟ್‌ಮೆಂಟ್ ಅವರೇ ನೆನಪಿಟ್ಟುಕೊಳ್ಳಲಿ. ಸಾಲ ಕೊಟ್ಟವರಿಗೆ ಅವರೇ ಉತ್ತರ ಕೊಡಲಿ. ದುಡ್ಡಿನ ವಿಷಯ ಮಾತ್ರ ಸ್ವಲ್ಪ ಬೇರೆ. ಕೆಲವರು ತಾವೇ "ಕಾರ್ಡ್ ನಿನ್ನ ಹತ್ತಿರ ಇರಲಿ, ನನ್ನ ಕೈಯಲ್ಲಿ ಜಾಸ್ತಿ ದುಡ್ಡು ಬೇಡ" ಅನ್ನುತ್ತಾರೆ. ಕೇಳಿಕೊಂಡರೆ ಒಪ್ಪಿಕೊಳ್ಳಿ, ಎಷ್ಟು ತಿಂಗಳಿಗೆ ಅಂತಲೂ ಮಾತಾಡಿಕೊಳ್ಳಿ. ಕೇಳದೆ ಕಿತ್ತುಕೊಂಡರೆ ಮನೆಯಲ್ಲಿ ಮತ್ತೆ ಪೊಲೀಸು ಕಳ್ಳನ ಆಟವೇ. ಸಂಬಳವೆಲ್ಲ ಕುಡಿತಕ್ಕೆ ಹೋಗಿ ಮನೆ ನಡೆಯದ ಹಾಗಾಗಿದ್ದರೆ ನಿಮ್ಮ ಹೆಸರಿನಲ್ಲಿ ಬೇರೆ ಖಾತೆ ಇಟ್ಟುಕೊಳ್ಳುವುದು ಜಾಣತನ. ಅದನ್ನು ಮುಚ್ಚಿಡದೆ ಹೇಳಿಯೇ ಮಾಡಿ.

ಮನೆ, ಸಮಾರಂಭ, ತುಡಿತ

ಮನೆಯಲ್ಲಿ ಬಾಟಲಿ ಬೇಡ. ಅತಿಥಿಗಳಿಗೆ ಅಂತ ಎತ್ತಿಟ್ಟಿದ್ದೂ ಬೇಡ. ನೀವು ಕುಡಿಯುವವರಾಗಿದ್ದರೆ ಮೊದಲ ವರ್ಷ ಅವರ ಮುಂದೆ, ಮನೆಯೊಳಗೆ ಕುಡಿಯಬೇಡಿ. ಇದನ್ನು ತ್ಯಾಗ ಅಂತ ಆಮೇಲೆ ಎತ್ತಿ ಆಡುವುದಾದರೆ ಮಾಡದಿರುವುದೇ ಮೇಲು. ಕೆಲವು ಕೆಮ್ಮಿನ ಸಿರಪ್, ಟಾನಿಕ್, ಬಾಯಿ ಮುಕ್ಕಳಿಸುವ ದ್ರಾವಣಗಳಲ್ಲೂ ಆಲ್ಕೋಹಾಲ್ ಇರುತ್ತದೆ, ಲೇಬಲ್ ಓದಿ ಕೊಳ್ಳಿ.

ಸಮಾರಂಭಕ್ಕೆ ಹೋಗಲೇಬೇಕಾದರೆ ಹೊರಡುವ ಮೊದಲೇ ಮಾತಾಡಿಕೊಳ್ಳಿ. ಯಾವಾಗ ವಾಪಸ್ ಬರುವುದು, "ಹೊರಡೋಣ" ಅನ್ನಲು ಸನ್ನೆ ಏನು, ಯಾರಾದರೂ ಬಲವಂತ ಮಾಡಿದರೆ ಏನು ಹೇಳುವುದು. "ಬೇಡ, ನಾನು ಕುಡಿಯಲ್ಲ" ಅಂದರೆ ಸಾಕು, ಕಾರಣ ಕೊಡುವ ಅಗತ್ಯವಿಲ್ಲ. ಅವರು ಹೊರಡೋಣ ಅಂದ ತಕ್ಷಣ ಹೊರಡಿ. "ಈಗ ತಾನೇ ಬಂದಿದ್ದೀವಿ, ಜನ ಏನಂದುಕೊಳ್ತಾರೆ" ಅಂತ ಕೂರಿಸಬೇಡಿ. ಜನ ಏನು ಬೇಕಾದರೂ ಅಂದುಕೊಳ್ಳಲಿ. ಕುಡಿತ ಬಿಟ್ಟ ವಿಷಯವನ್ನು ಯಾರಿಗೆ ಹೇಳಬೇಕು ಅನ್ನುವುದೂ ಅವರ ಹಕ್ಕು. ಬಿಟ್ಟವರು ಹೆಂಗಸಾಗಿದ್ದರೆ ಈ ಮಾತು ಎರಡು ಪಟ್ಟು ನಿಜ, ಏಕೆಂದರೆ ಗಂಡಸು ಕುಡಿದು ಬಿಟ್ಟರೆ ಮೆಚ್ಚುವ ಜನವೇ ಹೆಂಗಸು ಬಿಟ್ಟಾಗ "ಅಯ್ಯೋ, ಕುಡಿತಿದ್ಳಾ" ಅನ್ನುತ್ತಾರೆ.

ತುಡಿತ ಬಂದಾಗ ಭಾಷಣ ಬೇಡ. ಕುಡಿಯಬೇಕೆನ್ನುವ ತುಡಿತ ಏರಿ, ಸ್ವಲ್ಪ ಹೊತ್ತು ನಿಂತು, ತಾನೇ ಇಳಿಯುತ್ತದೆ. ಎಷ್ಟೋ ಸಲ ಅರ್ಧ ಗಂಟೆಯೊಳಗೆ ಅದರ ಬಲ ತಗ್ಗುತ್ತದೆ. ಆ ಹೊತ್ತನ್ನು ದಾಟಿಸುವುದಷ್ಟೇ ಕೆಲಸ. "ಏನು ಮಾಡಿದರೆ ಹಗುರ ಆಗುತ್ತೆ?" ಅಂತ ಕೇಳಿ. ಕೆಲವರಿಗೆ ನಡೆಯಲು ಜೊತೆ ಬೇಕು, ಕೆಲವರಿಗೆ ಸುಮ್ನೆ ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಸಾಕು, ಕೆಲವರಿಗೆ ಒಬ್ಬರೇ ಸ್ನಾನ ಮಾಡಿ ಬಂದರೆ ಸರಿಹೋಗುತ್ತದೆ. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕರಲ್ಲಿ ಒಂದು ಇದ್ದಾಗ ತುಡಿತ ಜೋರು. ಊಟದ ಹೊತ್ತು ತಪ್ಪದಂತೆ ನೋಡಿಕೊಂಡರೇ ಅರ್ಧ ಜಗಳ ತಪ್ಪುತ್ತದೆ. ಮುಖ್ಯವಾಗಿ, "ಕುಡಿಬೇಕು ಅನಿಸ್ತಿದೆ" ಅಂತ ಅವರು ಬಾಯಿಬಿಟ್ಟು ಹೇಳಿದಾಗ ಗಾಬರಿಯಾಗಿ "ಮತ್ತೆ ಶುರುವಾಯ್ತಾ!" ಅನ್ನಬೇಡಿ. ಹೇಳಿದ್ದೇ ದೊಡ್ಡದು. ಹಿಂದೆ ಹೇಳದೆ ಕುಡಿಯುತ್ತಿದ್ದರು, ನೆನಪಿದೆ ತಾನೇ.

ಮೀಟಿಂಗಿಗೆ ಹೋಗುವ ಸಂಜೆಗಳು

ಮನೆಗೆ ಬೇಗ ಬರುತ್ತಾರೆ ಅಂದುಕೊಂಡಿದ್ದವರು ಈಗ ವಾರದಲ್ಲಿ ಎಷ್ಟೋ ಸಂಜೆ ಎಎ ಮೀಟಿಂಗಿನಲ್ಲಿ ಇರುತ್ತಾರೆ. ಎಎ ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು. ನಿಮಗೆ ಹೇಳದ ವಿಷಯಗಳನ್ನು ಅಲ್ಲಿ ಗುರುತಿಲ್ಲದವರ ಮುಂದೆ ಹೇಳುತ್ತಾರೆ. ಹೊಟ್ಟೆಕಿಚ್ಚಾಗುತ್ತದೆ, ಅದು ಸಹಜ. ಎಎ ಶುರುವಾದದ್ದು 1935ರಲ್ಲಿ, ಅಮೆರಿಕದ ಆಕ್ರನ್‌ನಲ್ಲಿ, ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಅವರಿಂದ. ಆ ಬಿಲ್ ಅವರ ಹೆಂಡತಿ ಲೋಯಿಸ್‌ಗೂ ಇದೇ ಆಗಿತ್ತು. ಗಂಡ ಕುಡಿತ ಬಿಟ್ಟ ಮೇಲೆ ಒಮ್ಮೆ ಮೀಟಿಂಗಿಗೆ ಹೊರಡು ಅಂದಾಗ ರೇಗಿ, ನಿನ್ನ ಮೀಟಿಂಗಿಗೆ ಬೆಂಕಿ ಬೀಳಲಿ ಅನ್ನುವ ಧಾಟಿಯಲ್ಲಿ ಕೂಗಿ ಕಾಲಿನ ಶೂ ಎಸೆದಿದ್ದರಂತೆ. ತನಗೇಕೆ ಇಷ್ಟು ಸಿಟ್ಟು ಅಂತ ಯೋಚಿಸುತ್ತ ಹೋದ ಅದೇ ಲೋಯಿಸ್ 1951ರಲ್ಲಿ ಕುಡಿಯುವವರ ಮನೆಯವರಿಗಾಗಿ ಆಲ್-ಅನಾನ್ ಕಟ್ಟಿದರು. ಅಲ್ಲಿ ಹೇಳುವ ಮೂರು ಮಾತುಗಳನ್ನು ನೀವು ಬಾಯಿಪಾಠ ಮಾಡಿಕೊಳ್ಳಬಹುದು: ಈ ಕುಡಿತಕ್ಕೆ ನಾನು ಕಾರಣ ಅಲ್ಲ, ಅದನ್ನು ಹಿಡಿತದಲ್ಲಿ ಇಡುವುದು ನನ್ನಿಂದ ಆಗುವುದಿಲ್ಲ, ಅದನ್ನು ನಾನು ವಾಸಿ ಮಾಡಲಾರೆ.

ಅವರ ಮೀಟಿಂಗಿನಲ್ಲಿ ಏನಾಯಿತು ಅಂತ ಕೆದಕಬೇಡಿ. ನಿಮ್ಮದೂ ಒಂದು ಜಾಗ ಹುಡುಕಿಕೊಳ್ಳಿ. ಆಲ್-ಅನಾನ್ ಆಗಬಹುದು, ಕೌನ್ಸೆಲರ್ ಆಗಬಹುದು, ಹೊಟ್ಟೆಯಲ್ಲಿ ಗುಟ್ಟು ನಿಲ್ಲುವ ಒಬ್ಬ ಗೆಳತಿ ಅಥವಾ ಗೆಳೆಯ ಆಗಬಹುದು.

ಹಳೆಯ ನೋವು ಮತ್ತು ಹಾಸಿಗೆ

ಅವರು ಕುಡಿಯುತ್ತಿದ್ದಾಗ ನೀವು ಮನೆ ಉಳಿಸಿಕೊಳ್ಳುವುದರಲ್ಲೇ ಮುಳುಗಿದ್ದಿರಿ, ಸಿಟ್ಟು ಮಾಡಿಕೊಳ್ಳಲು ಪುರುಸೊತ್ತೇ ಇರಲಿಲ್ಲ. ಈಗ ಅವರು ಸರಿಯಾಗುತ್ತಿರುವಾಗಲೇ ನಿಮಗೆ ಎಲ್ಲವೂ ನೆನಪಾಗಿ ಉರಿಯುತ್ತದೆ. ಆ ಸಿಟ್ಟು ನ್ಯಾಯವಾದದ್ದು. ಆದರೆ ಎಲ್ಲವನ್ನೂ ಒಂದೇ ರಾತ್ರಿ ಸುರಿಯಬೇಡಿ, ಅದರಲ್ಲೂ ಮೊದಲ ಕೆಲವು ವಾರ ಬೇಡ. ಬರೆದಿಡಿ. ಮೂರ್ನಾಲ್ಕು ತಿಂಗಳಾದ ಮೇಲೆ ಕೌನ್ಸೆಲರ್ ಮುಂದೆ ಒಂದೊಂದಾಗಿ ತೆಗೆಯಿರಿ. ಅಷ್ಟು ದಿನ ಕಾಯಲು ಆಗದಿದ್ದರೆ ಒಂದು ಘಟನೆ, ಒಂದು ಮಾತು ಅಷ್ಟೇ ಹೇಳಿ: "ಅವತ್ತು ಮಗು ಆಸ್ಪತ್ರೆಯಲ್ಲಿದ್ದಾಗ ನೀನು ಫೋನ್ ಎತ್ತಲಿಲ್ಲ. ನಾನು ಒಬ್ಬಳೇ ಹೆದರಿದ್ದೆ." ಅವರು ಕ್ಷಮೆ ಕೇಳಿದ ತಕ್ಷಣ ಕ್ಷಮಿಸಲೇಬೇಕು ಅಂತಿಲ್ಲ. "ಕೇಳಿಸಿಕೊಂಡೆ, ನನಗೆ ಸಮಯ ಬೇಕು" ಅಂದರೂ ಅದು ಪ್ರೀತಿಯ ಉತ್ತರವೇ.

ದೈಹಿಕ ಸಂಬಂಧದ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಹೇಳುತ್ತೇನೆ. ದೀರ್ಘಕಾಲದ ಕುಡಿತ ಹಾರ್ಮೋನು ಮತ್ತು ನರಗಳ ಮೇಲೆ ಪೆಟ್ಟು ಕೊಟ್ಟಿರುತ್ತದೆ. ಗಂಡಸಿಗೆ ನಿಮಿರುವಿಕೆಯ ತೊಂದರೆ, ಯಾರಿಗಾದರೂ ಆಸೆಯೇ ಇಲ್ಲದಿರುವುದು ಮೊದಲ ತಿಂಗಳುಗಳಲ್ಲಿ ಸಾಮಾನ್ಯ. ಎಷ್ಟೋ ಜನರಲ್ಲಿ ಕುಡಿತ ಬಿಟ್ಟಂತೆ ಸುಧಾರಿಸುತ್ತದೆ, ಇಲ್ಲದಿದ್ದರೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಬೇಕು. ಇನ್ನೊಂದು ಕಡೆ, ಕುಡಿದು ಬಂದವರ ಜೊತೆ ವರ್ಷಗಟ್ಟಲೆ ಮಲಗಿದ ನಿಮ್ಮ ಮೈಗೂ ಹೆದರಿಕೆ ಅಂಟಿಕೊಂಡಿರಬಹುದು. ಬಿಟ್ಟಿದ್ದಕ್ಕೆ ಬಹುಮಾನ ಅಂತ ಇಷ್ಟವಿಲ್ಲದೆ ಒಪ್ಪಿಕೊಳ್ಳಬೇಡಿ. ಕೈ ಹಿಡಿದು ಕೂರುವುದು, ತಲೆ ಸವರುವುದು, ಅಷ್ಟಕ್ಕೇ ನಿಲ್ಲಿಸೋಣ ಅಂತ ಮೊದಲೇ ಹೇಳಿಕೊಂಡು ಮುಟ್ಟಿದರೆ ಇಬ್ಬರಿಗೂ ಭಯ ಕಮ್ಮಿಯಾಗುತ್ತದೆ.

ಮತ್ತೆ ಕುಡಿದರೆ

ಕುಡಿಯಬಹುದು. ಒಂದೇ ಸಲಕ್ಕೆ ಬಿಟ್ಟವರೂ ಇದ್ದಾರೆ, ಹಲವು ಸಲ ಜಾರಿ ಎದ್ದವರೂ ಇದ್ದಾರೆ. ಇದನ್ನು ಒಳ್ಳೆಯ ದಿನದಲ್ಲೇ ಕೂತು ಮಾತಾಡಿ. ಕುಡಿದರೆ ಯಾರಿಗೆ ಫೋನ್ ಮಾಡುವುದು, ಅವತ್ತು ರಾತ್ರಿ ಯಾರು ಎಲ್ಲಿ ಮಲಗುವುದು, ಮಕ್ಕಳು ಎಲ್ಲಿರುವುದು, ಎಷ್ಟು ದಿನದೊಳಗೆ ಡಾಕ್ಟರನ್ನು ಕಾಣುವುದು. ನಿಮ್ಮ ಗೆರೆ ಎಲ್ಲಿದೆ ಅನ್ನುವುದನ್ನೂ ಆಗಲೇ ಹೇಳಿ, ನಿಜವಾಗಿ ಪಾಲಿಸುವ ಗೆರೆಯನ್ನೇ ಹೇಳಿ. "ಕುಡಿದು ಗಾಡಿ ಓಡಿಸಿದರೆ ಮಕ್ಕಳನ್ನು ನಿನ್ನ ಜೊತೆ ಕಳಿಸಲ್ಲ" ಅನ್ನುವುದು ಗೆರೆ. "ಇನ್ನೊಂದು ಸಲ ಕುಡಿದರೆ ನಾನು ಸತ್ತೇ ಹೋಗ್ತೀನಿ" ಅನ್ನುವುದು ಗೆರೆಯಲ್ಲ.

ಕುಡಿದು ಬಂದ ರಾತ್ರಿ ವಾದ ಬೇಡ, ಅವರ ತಲೆಗೆ ಅದು ಹೋಗುವುದೂ ಇಲ್ಲ. ತಿಂಗಳುಗಟ್ಟಲೆ ಬಿಟ್ಟಿದ್ದ ದೇಹ ಹಳೆಯ ಅಳತೆಯನ್ನು ತಡೆಯುವುದಿಲ್ಲ, ಇದು ನೆನಪಿರಲಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ಅಥವಾ ಬಿಟ್ಟುಬಿಟ್ಟು ಬಂದರೆ, ಮೈ ತಣ್ಣಗಾದರೆ ಮಗ್ಗುಲಾಗಿ ಮಲಗಿಸಿ ಆಂಬುಲೆನ್ಸ್ ಕರೆಯಿರಿ. ಮಾರನೇ ದಿನ ಅವರ ತಲೆಯಲ್ಲಿ ಓಡುವ ಮಾತು ಹೆಚ್ಚಾಗಿ ಒಂದೇ: "ಹೇಗೂ ಎಲ್ಲಾ ಹಾಳಾಯ್ತು, ಇನ್ನು ಬಿಟ್ಟೇನು ಪ್ರಯೋಜನ." ಒಂದು ಗ್ಲಾಸನ್ನು ಪೂರ್ತಿ ಪತನ ಮಾಡುವುದು ಈ ಯೋಚನೆಯೇ ಅಂತ ಅಲನ್ ಮಾರ್ಲಾಟ್ ಎಂಬ ಮನಶ್ಶಾಸ್ತ್ರಜ್ಞ ವಿವರಿಸಿದ್ದರು. ಅದಕ್ಕೇ ಬೆಳಿಗ್ಗೆ ಎದ್ದ ತಕ್ಷಣ ನಿಮ್ಮ ಬಾಯಿಂದ ಅದೇ ಮಾತು ಬರಬಾರದು. "ನನಗೆ ತುಂಬಾ ನೋವಾಗಿದೆ. ನಾವು ಮಾತಾಡಿಕೊಂಡಿದ್ದ ಹಾಗೆ ಇವತ್ತು ಡಾಕ್ಟರಿಗೆ ಫೋನ್ ಮಾಡ್ತೀಯಾ?" ಇಷ್ಟೇ ಕೇಳಿ. ಫೋನ್ ಅವರೇ ಮಾಡಲಿ. ಮಾಡಿದರೆ ಜೊತೆಗೆ ಹೋಗಿ. ಮಾಡದಿದ್ದರೆ ನೀವು ಹೇಳಿದ್ದ ಗೆರೆಯಂತೆ ನಡೆದುಕೊಳ್ಳಿ, ಅಳುತ್ತಲೇ ಆದರೂ ಸರಿ.

ಮಕ್ಕಳಿದ್ದರೆ ಅವರ ವಯಸ್ಸಿಗೆ ತಕ್ಕಂತೆ ನಿಜ ಹೇಳಿ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ನಡೆಯುತ್ತಿದೆ, ನಿನ್ನಿಂದ ಆದದ್ದಲ್ಲ. "ಮತ್ತೆ ಕುಡಿತಾರಾ?" ಅಂತ ಮಗು ಕೇಳಿದರೆ "ಇಲ್ಲವೇ ಇಲ್ಲ" ಅಂತ ಭರವಸೆ ಕೊಡಬೇಡಿ. "ಗೊತ್ತಿಲ್ಲ, ಆದರೆ ಕುಡಿಯದೆ ಇರೋಕೆ ತುಂಬಾ ಪ್ರಯತ್ನ ಮಾಡ್ತಿದ್ದಾರೆ. ಏನೇ ಆದರೂ ನಿನ್ನನ್ನ ನಾನು ನೋಡ್ಕೋತೀನಿ" ಅನ್ನಿ. ಮಕ್ಕಳಿಗೆ ಕಾವಲಿನ ಕೆಲಸ ಒಪ್ಪಿಸಬೇಡಿ, "ಎಲ್ಲಿಗೆ ಹೋಗಿದ್ದರು ನೋಡಿಕೊಂಡು ಬಾ" ಅಂತ ಕಳಿಸಬೇಡಿ.

ಮನೆ ಮಾರುವುದು, ಇನ್ನೊಂದು ಮಗು, ಬೇರೆಯಾಗುವುದು, ಇಂಥ ದೊಡ್ಡ ತೀರ್ಮಾನಗಳನ್ನು ಆದಷ್ಟು ಮೊದಲ ವರ್ಷ ದಾಟುವವರೆಗೆ ಮುಂದೂಡಿ. ನಿಮ್ಮ ಅಥವಾ ಮಕ್ಕಳ ಸುರಕ್ಷತೆಯ ಪ್ರಶ್ನೆ ಇದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ. ಅವರು ಕುಡಿತ ಬಿಟ್ಟರೂ ನಿಮ್ಮ ಪ್ರೀತಿ ಇನ್ನೂ ವಾಪಸ್ ಬಂದಿಲ್ಲ ಅನಿಸಿದರೆ ಅದಕ್ಕೂ ಹೆದರಬೇಡಿ, ಬಂದಿದೆ ಅಂತ ನಟಿಸಲೂಬೇಡಿ. ವಾರಕ್ಕೆ ಒಂದು ಗಂಟೆ ಕುಡಿತದ ಮಾತು ಬರದ ಹಾಗೆ ಇಬ್ಬರೂ ಸೇರಿ ಏನಾದರೂ ಮಾಡಿ. ನಡೆಯಿರಿ, ಒಟ್ಟಿಗೆ ಅಡುಗೆ ಮಾಡಿ, ಕೆಟ್ಟುಹೋದ ಕಪಾಟು ರಿಪೇರಿ ಮಾಡಿ. ಆ ಒಂದು ಗಂಟೆ ಹೇಗಿತ್ತು ಅಂತ ಕೆಲವು ತಿಂಗಳು ಗಮನಿಸುತ್ತ ಹೋಗಿ, ನಿಮ್ಮ ತೀರ್ಮಾನಕ್ಕೆ ಬೇಕಾದ ಉತ್ತರ ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ.